ಮೊಡವೆಯ ಗುಳಿಗೆ ಮತ್ತು ಗೀಟು ಹೊಡೆದ ಬಸುರಿ

ಬಂಡ್ರಿ, ಸಂಡೂರು ತಾಲ್ಲೂಕು, 2008

ಮಾನ್ಯ ಔಷಧ ನಿಯಂತ್ರಣ ಅಧಿಕಾರಿಗಳೇ,

ನಮ್ಮ ಮನೆಯ ಕೂಸು ಸತ್ತ ಬಗ್ಗೆ ನಾನು ಕೊಟ್ಟ ದೂರಿಗೆ ತಮ್ಮ ಕಚೇರಿ ಎರಡೇ ಸಾಲಿನಲ್ಲಿ ಉತ್ತರಿಸಿದೆ: ‘ಮೊಡವೆಯ ಸದರಿ ಗುಳಿಗೆಯ ಮೇಲೆ ಎಚ್ಚರಿಕೆಯ ಚಿಹ್ನೆ ಮುದ್ರಿತವಾಗಿರುತ್ತದೆ. ಆದಕಾರಣ ಲೋಪ ಕಂಡುಬಂದಿಲ್ಲ.’ ಚಿಹ್ನೆ ಇತ್ತು, ಸುಳ್ಳಲ್ಲ. ನಾನೂ ನೋಡಿದ್ದೆ. ನೋಡಿದ್ದೇ ಪಾಪವಾಯಿತು.

ನಾನು ಇಲ್ಲಿನ ಅಂಗನವಾಡಿ ಕಾರ್ಯಕರ್ತೆ. ಎರಡು ವರ್ಷದ ಹಿಂದೆ ನನ್ನ ತಮ್ಮನನ್ನು ಮದುವೆಯಾಗಿ ಕಾವ್ಯ ಕಂಪ್ಲಿಯಿಂದ ನಮ್ಮ ಮನೆಗೆ ಬಂದಳು. ಅದಿರಿನ ಲಾರಿಗಳ ಧೂಳೋ, ವಯಸ್ಸೋ, ಆರು ತಿಂಗಳಲ್ಲಿ ಅವಳ ಮುಖದ ತುಂಬ ಕೀವುಗಟ್ಟಿದ ಮೊಡವೆ. ಆಸ್ಪತ್ರೆಯ ಮುಲಾಮು ಹಚ್ಚಿದರೆ ಚರ್ಮ ಸುಲಿದು ಉರಿಯಿತು. ಇನ್ನೊಂದು ಮಾತ್ರೆ ನುಂಗಿದರೆ ಹೊಟ್ಟೆ ತೊಳಸಿತು. ಹುಡುಗಿ ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟಳು. ನೋಡಲಾರದೆ ನಾನೇ ಸಂಡೂರಿನ ಒಂದು ಔಷಧಿ ಅಂಗಡಿಗೆ ಹೋದೆ. ಅಲ್ಲಿ ಡಾಕ್ಟರ ಚೀಟಿ ಕೇಳಲಿಲ್ಲ. ಮೊಡವೆಯ ಗುಳಿಗೆಯ ಸ್ಟ್ರಿಪ್ಪನ್ನು ಕತ್ತರಿಯಿಂದ ತುಂಡು ಮಾಡಿ ಕೊಟ್ಟರು. ‘ತುಟಿ ಒಣಗ್ತಾವ್ರಿ ಅಕ್ಕಾರ, ತುಪ್ಪ ಹಚ್ಚು ಅಂತ ಹೇಳ್ರಿ. ಬ್ಯಾರೆ ಏನೂ ಆಗಂಗಿಲ್ಲ.’ ಎಚ್ಚರಿಕೆಯ ಇಂಗ್ಲಿಷ್ ಕಾಗದ ಅಂಗಡಿಯ ಡಬ್ಬಿಯಲ್ಲೇ ಉಳಿಯಿತು.

ನನ್ನ ಕೈಗೆ ಬಂದದ್ದು ಆ ತುಂಡಿನ ಮೇಲಿದ್ದ ಒಂದು ಚಿತ್ರ: ಬಸುರಿ ಹೆಂಗಸು, ಅವಳ ಮೇಲೊಂದು ಅಡ್ಡಗೀಟು. ಹತ್ತು ವರ್ಷದಿಂದ ಕುಟುಂಬ ಯೋಜನೆಯ ಚಿತ್ರಪಟಗಳ ಕೆಳಗೆ ಕುಳಿತು ಊರ ಹೆಣ್ಣುಮಕ್ಕಳಿಗೆ ಮಾತ್ರೆ ಹಂಚಿದವಳಿಗೆ ಅದರ ‘ಅರ್ಥ’ ಹೊಳೆಯಲು ಎಷ್ಟು ಹೊತ್ತು ಬೇಕು? ‘ಇನ್ನೊಂದು ವರ್ಷ ಮಕ್ಳು ಬ್ಯಾಡ ಅಂತಿದ್ದೆಲ್ಲವಾ, ಇದರಾಗ ಬಸುರು ತಡಿಯೂದೂ ಐತಿ ನೋಡು’ ಅಂದೆ. ‘ಹಂಗಾದ್ರ ಭಾಳ ಚಲೋ ಆತಕ್ಕಾ’ ಎಂದ ಕಾವ್ಯ, ನಾನೇ ಕೊಡುತ್ತಿದ್ದ ಗರ್ಭನಿರೋಧಕ ಮಾತ್ರೆಯನ್ನು ಬಿಟ್ಟಳು. ಮುಖ ತಿಳಿಯಾಯಿತು. ಗುಳಿಗೆ ನುಂಗುತ್ತಿರುವಾಗಲೇ ಅವಳು ಬಸುರಿಯೂ ಆದಳು.

ಬಸುರಿಯರು ಇದನ್ನು ನುಂಗಿದರೆ ಹೊಟ್ಟೆಯೊಳಗಿನ ಕೂಸು ಊನವಾಗುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲು ಹಾಕಿದ್ದರೆ ಯಾರ ಗಂಟು ಹೋಗುತ್ತಿತ್ತು? ಅದಿರಿನ ಲಾರಿಗೆ ಪರ್ಮಿಟ್ ಕೇಳುವ, ಕೇಳಿದಂತೆ ನಟಿಸುವ ಜಿಲ್ಲೆ ಇದು. ಆ ನಟನೆಯನ್ನಾದರೂ ಔಷಧಿ ಅಂಗಡಿಗಳಲ್ಲಿ ಮಾಡಬಾರದಿತ್ತೇ?

ಹೊಸಪೇಟೆಯಲ್ಲಿ ಹೆರಿಗೆಯಾಯಿತು. ಕೂಸನ್ನು ನೋಡಿದ ಡಾಕ್ಟರಮ್ಮ, ‘ಮೊಡವಿಗೆ ಏನರ ಗುಳಿಗಿ ತೊಗೊಂಡಿದ್ರೇನ್ರಿ?’ ಎಂದಾಗ ಕಾವ್ಯ ನನ್ನ ಕಡೆ ನೋಡಿದಳು. ಕೂಸಿನ ಹೃದಯ ಸರಿಯಿರಲಿಲ್ಲ. ಕಿವಿಗಳ ಜಾಗದಲ್ಲಿ ಬರೀ ಚರ್ಮವಿತ್ತು. ನಮ್ಮಲ್ಲಿ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಕೂಗಬೇಕು. ಹನ್ನೊಂದನೆಯ ದಿನವೇ ಅದು ಹೋಯಿತು. ಕಾವ್ಯ ಕನ್ನಡಿಯನ್ನು ಮತ್ತೆ ಗೋಡೆಗೆ ತಿರುಗಿಸಿ ಇಟ್ಟಿದ್ದಾಳೆ.

ಡಾಕ್ಟರ ಚೀಟಿ ಇಲ್ಲದೆ ಈ ಗುಳಿಗೆ ಯಾರಿಗೂ ಸಿಗಬಾರದು. ಕತ್ತರಿಸಿದ ತುಂಡಿನ ಮೇಲೂ ಕನ್ನಡದ ಎಚ್ಚರಿಕೆ ಇರಬೇಕು. ನನ್ನ ತಪ್ಪನ್ನು ಊರೆದುರು ಒಪ್ಪಿಕೊಂಡಿದ್ದೇನೆ. ತಮ್ಮದನ್ನು ತಾವೂ ಬರೆದುಕೊಡಿ.

ಇಂತಿ,
ಕೂಗಬೇಕಿದ್ದ ಹೆಸರನ್ನು ಇನ್ನೂ ಯಾರಿಗೂ ಹೇಳದ ಸೋದರತ್ತೆ,
ಗಂಗಾಂಬಿಕಾ