ಕೆಂಪು ದಾರ

ಮಾರ್ಚ್ ೯, ಸೋಮವಾರ

ಬೆನ್ನುನೋವೆಂದು ಇವರು ಮಲಗಿರುವುದರಿಂದ ಇವತ್ತು ಮೊದಲ ಸಲ ದೋಣಿಯನ್ನು ನಾನೊಬ್ಬಳೇ ತೆಗೆದುಕೊಂಡು ಹೋದೆ.

ದಿನವೂ ಇವರು ಹಿಂದೆ ಎಂಜಿನ್ ಹತ್ತಿರ, ನಾನು ಮುಂದೆ. ದಡದ ಹಗ್ಗ ಬಿಚ್ಚುವ ಮೊದಲು "ಕಟ್ಕೊಂಡ್ರಾ?" ಎಂದು ಕೂಗುತ್ತೇನೆ. "ಹೂಂ" ಅನ್ನುತ್ತಾರೆ. ಎಂಜಿನ್‌ನ ಕೆಂಪು ದಾರದ ತುದಿ ಕಾಲಿಗಿದ್ದರೆ, ಮನುಷ್ಯ ನೀರಿಗೆ ಬಿದ್ದ ಕೂಡಲೇ ಅದು ಕಿತ್ತು ಬಂದು ಎಂಜಿನ್ ಆರಿ ದೋಣಿ ನಿಲ್ಲುತ್ತದೆ. ಇಲ್ಲದಿದ್ದರೆ ಅದರ ಪಾಡಿಗೆ ಅದು ಹೋಗುತ್ತಲೇ ಇರುತ್ತದೆ.

ಇವತ್ತೂ ಕೂಗಿದೆ, ಖಾಲಿ ದೋಣಿಗೆ. ನಗು ಬಂತು. ಕೇಳಿದ್ದಾಯಿತಲ್ಲ ಎಂಬ ಸಮಾಧಾನದಲ್ಲಿ ಹೊರಟೇಬಿಟ್ಟೆ! ನಡುನೀರಿನಲ್ಲಿ ದೊಡ್ಡ ಬೋಟೊಂದರ ಅಲೆ ಬಡಿದು, ಅರ್ಧ ಮೈ ಅಂಚಿನಾಚೆ ವಾಲಿದಾಗ ಕಂಡಿತು: ದಾರ ಎಂಜಿನ್ ಪಕ್ಕದಲ್ಲೇ ಸುಮ್ಮನೆ ತೂಗಾಡುತ್ತಿತ್ತು.

ಮನೆಗೆ ಬಂದರೆ ಇವರು ಹಾಸಿಗೆಯಿಂದಲೇ ಕೇಳಿದರು, "ದಾರ ಕಟ್ಕೊಂಡಿದ್ದೆ ತಾನೇ?"

"ಹೂಂ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ನಂಬಿಬಿಟ್ಟರು. ಈಗ ಗೊರಕೆ ಹೊಡೆಯುತ್ತಿದ್ದಾರೆ.

ನನಗೆ ನಿದ್ದೆ ಹತ್ತುತ್ತಿಲ್ಲ. ಇಷ್ಟು ವರ್ಷ ಇವರು ಹೂಂ ಅಂದಾಗ ನಾನು ಒಂದು ಸಲವೂ ಹಿಂತಿರುಗಿ ನೋಡಿಲ್ಲ.