ಅಮ್ಮನ ಮುಖದ ಅರಿಶಿನ

ಸೆಪ್ಟೆಂಬರ್ 18, 2013. ಬುಧವಾರ

ಇವತ್ತು ಬಸ್ಸಲ್ಲಿ ಸೀಟು ಸಿಕ್ಕಿತು. ಹೆಬ್ಬಾಳ ಫ್ಲೈಓವರ್ ಮೇಲೆ ಆ ಬಸ್ಸು ನಿಂತಲ್ಲೇ ನಿಂತಿತ್ತು, ಅದು ಬೇರೆ ಮಾತು. ಕೊಡಿಗೇಹಳ್ಳಿ ಸ್ಟುಡಿಯೋ ಮುಟ್ಟುವಾಗ ರಘುನಾಥ್ ಸರ್ ಬಾಗಿಲಲ್ಲೇ. ಮದುವೆ ವಿಡಿಯೋ ಮಿಕ್ಸಿಂಗ್ ಮುಗಿಸಿಕೊಟ್ಟೆ. ಹುಡುಗಿ ಅಳುವ ಕಡೆ ಶಹನಾಯಿ ಬೇಡ ಅಂತ ನಾನು, ಬೇಕೇ ಬೇಕು ಅಂತ ಸರ್. ಶಹನಾಯಿ ಗೆದ್ದಿತು.

ಮಧ್ಯಾಹ್ನ ಹೊಸ ಕೆಲಸ. ಅಮೃತಹಳ್ಳಿಯ ದ್ರೌಪದಮ್ಮ, ಶಾಮಿಯಾನ ಅಂಗಡಿಯವರು — ತಮ್ಮ ಮನೆದೇವರ ಮೇಲೆ ಹಾಡುಗಳ ವಿಡಿಯೋ ಮಾಡಿಸುತ್ತಿದ್ದಾರೆ. ಹರಕೆಯಂತೆ. ನವರಾತ್ರಿ ಶುಕ್ರವಾರ, ಅಕ್ಟೋಬರ್ 11ಕ್ಕೆ ಬಿಡುಗಡೆ. ಶೂಟಿಂಗ್ ಆಗಿದೆ. ನಾಟಕದ ಹುಡುಗಿಯೊಬ್ಬಳು ಮುಖದ ತುಂಬ ಅರಿಶಿನ ಬಳಿದುಕೊಂಡು ದೇವಿ ಆಗಿದ್ದಾಳೆ. ಕೆಲವು ಶಾಟು ಗುಡಿ ಮುಂದೆ, ಉಳಿದವು ಹಸಿರು ಬಟ್ಟೆ ಮುಂದೆ. ಆ ಹಸಿರು ತೆಗೆದು ಮೋಡ, ಮಿಂಚು, ಕಮಲ ಕೂರಿಸುವುದು ಶಶಿರೇಖಾ ಮೇಡಂ ಕೆಲಸ. ಬಾಗಲೂರಿನ ಮನೆಯಲ್ಲೇ ಕೂತು ಮಾಡುತ್ತಾರೆ. ನಾನಿನ್ನೂ ಅವರ ಮುಖ ನೋಡಿಲ್ಲ. ಅವರ ಯಜಮಾನರು ಆಫೀಸಿಗೆ ಹೋಗುತ್ತಾ ಬರುತ್ತಾ ಸ್ಕೂಟರಲ್ಲಿ ಹಾರ್ಡ್ ಡಿಸ್ಕ್ ಸಾಗಿಸುತ್ತಾರೆ.

ಎಡಿಟಿಂಗ್, ಕಲರ್ — ಅಂದರೆ ಶಾಟುಗಳ ಬಣ್ಣ ಹದ ಮಾಡುವುದು — ಎರಡೂ ನನ್ನದು. "ಇದು ನೀಟಾಗಿ ಬಂದ್ರೆ ನಿನ್ನ ಪರ್ಮನೆಂಟ್ ಮಾಡ್ತೀನಮ್ಮ ಐಮನ್" ಅಂದರು ಸರ್. ಏನೂ ತೋರಿಸಿಕೊಳ್ಳದೆ "ಸರಿ ಸರ್" ಅಂದೆ. ಬಾತ್‌ರೂಮಿಗೆ ಹೋಗಿ ಕುಣಿದೆ.

ಅಮ್ಮಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಇಡೀ ಆರ್.ಟಿ. ನಗರಕ್ಕೆ ಗೊತ್ತಾಗಿರುತ್ತದೆ. ಇಲ್ಲಿ ಬರೆದರೆ ಭಯವಿಲ್ಲ — ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ.

ಸೆಪ್ಟೆಂಬರ್ 21, ಶನಿವಾರ

ಬಾಗಲೂರಿನಿಂದ ಮೊದಲ ಶಾಟುಗಳು ಬಂದವು. ಮೋಡ ಅದ್ಭುತ. ಮಿಂಚು ಇನ್ನೂ ಅದ್ಭುತ. ದೇವಿ ಮಾತ್ರ... ಕೇಸರಿ! ಗುಡಿ ಮುಂದೆ ನಿಂತಾಗ ಚೆಂದದ ಅರಿಶಿನದ ಮುಖ, ಮೋಡ ಹತ್ತಿದ ಕೂಡಲೇ ಕಿತ್ತಳೆ ಹಣ್ಣು. ಎರಡು ಶಾಟು ಅಕ್ಕಪಕ್ಕ ಇಟ್ಟರೆ ಇಬ್ಬರು ಬೇರೆ ಬೇರೆ ಹೆಂಗಸರು.

ನಾನು ಪ್ರೀಮಿಯರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿ, ಕಲರ್ ಹಾಕಿ, ಪ್ರಾಜೆಕ್ಟ್ ಕಳಿಸಿದ್ದೆ. ಬಣ್ಣ ಹೇಗಿರಬೇಕು ನೋಡಿಕೊಳ್ಳಲಿ ಅಂತ ಸ್ಯಾಂಪಲ್ ವಿಡಿಯೋ ಬೇರೆ ಇಟ್ಟಿದ್ದೆ. ಅವರು ಅದನ್ನು ಆಫ್ಟರ್ ಎಫೆಕ್ಟ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆದು ಕೆಲಸ ಮಾಡುತ್ತಾರೆ. ಮಧ್ಯೆ ಎಲ್ಲೋ ಎಡವಟ್ಟಾಗಿದೆ.

ಫೋನ್ ಮಾಡಿ ಹೇಳೋಣ ಅಂತ ನಂಬರ್ ತೆಗೆದೆ. ಅವರು ಎಷ್ಟೋ ವರ್ಷದಿಂದ ಇದೇ ಕೆಲಸದಲ್ಲಿರುವವರು, ನಾನು ಮೊನ್ನೆ ಮೊನ್ನೆ ಬಂದವಳು. ಮೊದಲ ಡಿಸ್ಕಿನಲ್ಲೇ ತಪ್ಪು ಹಿಡಿದರೆ ಚೆನ್ನಾಗಿರುತ್ತದಾ? ಅಷ್ಟರಲ್ಲಿ ಅವರೇ ಫೋನ್ ಮಾಡಿದರು.

"ಹೇಗ್ ಬಂದಿದೆ ಐಮನ್?"

"ಸೂಪರ್ ಮೇಡಂ!"

ನನ್ನ ಬಾಯಿಗಿಷ್ಟು ಬೆಂಕಿ ಬೀಳ. ಮುಂದಿನ ಶಾಟುಗಳಿಗೆ ಕೆಂಪು ಇಳಿಸಿ, ನೀಲಿ ಏರಿಸಿ, ಹೊಸ ಸ್ಯಾಂಪಲ್ ಮಾಡಿ ಕಳಿಸಿದೆ. ಅಲ್ಲಿಗೂ ಇಲ್ಲಿಗೂ ಅಡ್ಜಸ್ಟ್ ಆಗಿಬಿಡುತ್ತದೆ.

ಸೆಪ್ಟೆಂಬರ್ 27, ಶುಕ್ರವಾರ

ಅಡ್ಜಸ್ಟ್ ಆಗಲಿಲ್ಲ. ಈಗ ದೇವಿ ಹಸಿರು.

ಹಸಿರು ಬಟ್ಟೆಯ ಬಣ್ಣ ಮುಖಕ್ಕೆ ಹೊಡೆದಿರಬಹುದು ಅಂದುಕೊಂಡೆ. ಅಲ್ಲ. ಮಾನಿಟರ್ ಸೆಟ್ಟಿಂಗ್ ಬದಲಿಸಿದೆ. ಇಂಟರ್‌ನೆಟ್‌ನಲ್ಲಿ ಹುಡುಕಿದೆ, ಊರಿಗೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬ ಅಂತೂ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡು ಅಂದಿದ್ದಾನೆ. ಅದನ್ನೂ ಮಾಡಿದೆ. ಹಸಿರಮ್ಮ ಹಸಿರಾಗೇ ನಕ್ಕಳು.

ಇನ್ನೊಂದು ಸುತ್ತು ಕಲರ್ ಹಾಕಿದೆ. ಹಸಿರು ಹೋಗಿ ಬೂದಿ ಬಂತು. ತೆಗೆದುಬಿಟ್ಟೆ. ತಲೆ ಕೆಟ್ಟು ಹೋಗಿದೆ. ಮೇಡಂಗೆ ಹೇಳಿದರೆ ಬೇಜಾರು, ಸರ್‌ಗೆ ಹೇಳಿದರೆ ಪರ್ಮನೆಂಟು ಕ್ಯಾನ್ಸಲ್ಲು. ಮಂಗಳವಾರ ದ್ರೌಪದಮ್ಮ ನೋಡೋಕೆ ಬರುತ್ತಾರಂತೆ. ಅವರಿಗೆ ಕಣ್ಣು ಸ್ವಲ್ಪ ಮಂಜಾಗಿರಲಿ ಅಂತ ಆಸೆಪಟ್ಟೆ. ಕೆಟ್ಟ ಆಸೆ. ತೌಬಾ.

ಅಕ್ಟೋಬರ್ 1, ಮಂಗಳವಾರ

ದ್ರೌಪದಮ್ಮನ ಕಣ್ಣು ಹದ್ದಿನ ಕಣ್ಣು.

ಚಪ್ಪಲಿ ಬಾಗಿಲಾಚೆ ಬಿಟ್ಟು, ಸೆರಗು ಸರಿ ಮಾಡಿಕೊಂಡು, ಕೈ ಮುಗಿದೇ ಕೂತರು. ಗುಡಿ ಶಾಟು ಬಂತು, ಗಲ್ಲ ಗಲ್ಲ ಬಡಿದುಕೊಂಡರು. ಮೋಡದ ಶಾಟು ಬಂತು. ಮುಗಿದ ಕೈ ಕೆಳಗಿಳಿಯಿತು.

"ಏನ್ ರಗುನಾತಪ್ಪ ಇದು? ನಮ್ಮಮ್ಮ ಅರಿಶ್ಣ ಬಳ್ಕೊಂಡವ್ಳೆ ಅಂದ್ರೆ ನೀವು ಪಾಚಿ ಬಳ್ದಿದೀರಲ್ಲ! ಇಂಗೆ ಜನಕ್ಕೆ ತೋರ್ಸುದ್ರೆ ನಾನು ಆ ಗುಡಿ ಮುಂದೆ ಯಂಗಪ್ಪ ಓಗ್ಲಿ?"

ಬೈದಿದ್ದರೆ ಪರವಾಗಿರಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು ಅವರಿಗೆ. ಮೊಮ್ಮಗ ಆಸ್ಪತ್ರೆಯಿಂದ ಮನೆಗೆ ಬರಲಿ ಅಂತ ಹೊತ್ತ ಹರಕೆಯಂತೆ ಇದು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಹೋದಮೇಲೆ ಸರ್ ಕೂಗಾಡಲಿಲ್ಲ. ಅದೇ ಭಯ. "ನಿಮ್ಮಿಬ್ರಿಂದ ಆಗಲ್ಲ ಅಂದ್ರೆ ಹೇಳಿಬಿಡಿ. ಎರಡೂ ಒಬ್ರೇ ಮಾಡೋರು ಯಶವಂತಪುರದಲ್ಲಿದಾರೆ. ಸೋಮವಾರದವರೆಗೆ ಟೈಮು." ಅಂದರೆ ನಾನೂ ಮನೆಗೆ, ಮೇಡಮ್ಮೂ ಮನೆಗೆ. ಅವರು ಹೇಗೂ ಮನೆಯಲ್ಲೇ ಇದ್ದಾರೆ, ಆದರೂ.

ಅಕ್ಟೋಬರ್ 3, ಗುರುವಾರ

ಫೋನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಯಲಹಂಕದಲ್ಲಿ ಬಸ್ ಬದಲಿಸಿ ಬಾಗಲೂರಿಗೆ ಹೋದೆ. ಮೇಡಂ ಅಂದರೆ ಗಂಭೀರ ಮುಖ, ದಪ್ಪ ಕನ್ನಡಕ ಅಂದುಕೊಂಡಿದ್ದೆ. ಕೈ ತುಂಬ ರಾಗಿ ಹಿಟ್ಟು ಮೆತ್ತಿಕೊಂಡು ಬಾಗಿಲು ತೆಗೆದರು.

"ಅಯ್ಯೋ, ನೀವೇನಾ ಐಮನ್? ಇಷ್ಟು ಚಿಕ್ಕೋರಾ!"

ಹಾಲಿನಲ್ಲಿ ಅವರ ಅತ್ತೆ ಅಕ್ಕಯ್ಯಮ್ಮ ಸೊಪ್ಪು ಬಿಡಿಸುತ್ತಿದ್ದರು. ಅಲ್ಲೇ ಮೂಲೆಯಲ್ಲಿ ಕಂಪ್ಯೂಟರ್. ಅದರಲ್ಲಿ ಎರಡೂ ಸಾಫ್ಟ್‌ವೇರ್ ಇತ್ತು. ಒಂದೇ ಶಾಟನ್ನು ಎರಡರಲ್ಲೂ ತೆರೆದೆವು. ಒಂದೇ ಮಾನಿಟರ್, ಒಂದೇ ಮುಖ. ಪ್ರೀಮಿಯರ್‌ನಲ್ಲಿ ನಾನು ಹಾಕಿದ ಬಣ್ಣ ಇದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕ್ಯಾಮೆರಾದಿಂದ ಬಂದಂತೆ ಸಪ್ಪಗೆ, ಪೇಲವ.

"ನನ್ಗೆ ಯಾವಾಗ್ಲೂ ಹಿಂಗೇ ಬರೋದು" ಅಂದರು ಮೇಡಂ.

"ಮತ್ತೆ ನಾನು ಹಾಕಿದ ಕಲರ್?"

"ನೀವು ಹಾಕಿರೋ ಎಫೆಕ್ಟೇ ಇದ್ರಲ್ಲಿ ಇಲ್ಲ ಕಣ್ರೀ. ಮಿಸ್ಸಿಂಗ್ ಅಂತ ತೋರ್ಸುತ್ತೆ."

"ಹೇಳ್ಬಾರ್ದಾ ಮೇಡಂ!"

"ಹೊಸ ಹುಡುಗಿ, ಯಾಕ್ ನೋಯಿಸ್ಬೇಕು ಅಂತ... ನಿಮ್ಮ ಸ್ಯಾಂಪಲ್ ನೋಡ್ಕೊಂಡು ನಾನೇ ಹಾಕ್ಬಿಟ್ಟೆ."

ಆಗ ಹೊಳೆಯಿತು. ಅವರು ಬಣ್ಣ ಹಾಕಿ ಕಳಿಸಿದ ಶಾಟನ್ನು ನಾನು ಹಳೆಯ ಶಾಟಿನ ಜಾಗಕ್ಕೆ ಇಡುತ್ತಿದ್ದೆ. ಆ ಜಾಗದಲ್ಲಿ ನನ್ನ ಕಲರ್ ಇನ್ನೂ ಕೂತಿತ್ತು. ಎರಡು ಸಲ ಬಣ್ಣ ಬಿದ್ದು ಮುಖ ಕೇಸರಿಯಾಯಿತು. ಅದನ್ನು ಇಳಿಸೋಕೆ ನಾನು ಯಾರಿಗೂ ಹೇಳದೆ ನೀಲಿ ಬೆರೆಸಿದೆ. ಅವರು ಆ ನೀಲಿ ಸ್ಯಾಂಪಲನ್ನೂ ಶ್ರದ್ಧೆಯಿಂದ ಮ್ಯಾಚ್ ಮಾಡಿದರು. ಅದರ ಮೇಲೆ ನನ್ನ ನೀಲಿ ಇನ್ನೊಂದು ಸಲ. ಅರಿಶಿನಕ್ಕೆ ಅಷ್ಟು ನೀಲಿ ಸುರಿದರೆ ಪಾಚಿಯಲ್ಲದೆ ಇನ್ನೇನಾಗುತ್ತದೆ?

"ನೀಲಿ ನೋಡ್ದಾಗ ನಿಮ್ಗೆ ಏನೂ ಅನ್ನಿಸ್ಲಿಲ್ವಾ ಮೇಡಂ?"

"ಅನ್ನಿಸ್ತು. ಇದೇನು ದೇವಿಗೆ ಚಳಿಜ್ವರಾನಾ ಅಂತ. ನಿಮ್ಗಿಷ್ಟ ಇರ್ಬೇಕು ಅಂತ ಸುಮ್ನಾದೆ. ಕೇಸರಿ ಆದಾಗ ನೀವಾದ್ರೂ ಹೇಳ್ಬಾರ್ದಿತ್ತಾ? ಸೂಪರ್ ಅಂದ್ರಿ!"

ಅಕ್ಕಯ್ಯಮ್ಮ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದರು. "ಒಬ್ರಿಗೊಬ್ರು ಮರ್ವಾದಿ ಕೊಟ್ಕೊಂಡು ಅಮ್ಮನ ಮಕ ಕೆಡ್ಸುದ್ರಾ? ಇಬ್ರುಗೂ ಬಾಯಿರ್ನಿಲ್ವಾ?"

ನಾನು ಮೇಡಂ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಗು ಶುರುವಾಗಿದ್ದು ನಿಲ್ಲಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟು ದಿನದ ಭಯವೋ, ಅಲ್ಲೇ ಕರಗಿ ಹೋಯಿತು.

ತೀರ್ಮಾನ: ಮೊದಲು ಯಾರೂ ಬಣ್ಣ ಮುಟ್ಟಬಾರದು. ಕ್ಯಾಮೆರಾದಿಂದ ಬಂದ ಸಪ್ಪೆ ಶಾಟಿಗೇ ಅವರು ಮೋಡ ಕೂರಿಸುತ್ತಾರೆ, ಮೋಡವನ್ನೂ ಅಷ್ಟೇ ಸಪ್ಪೆ ಇಡುತ್ತಾರೆ. ಎಲ್ಲ ನನ್ನ ಹತ್ತಿರ ಬಂದಮೇಲೆ ಕೊನೆಗೆ ಒಂದೇ ಸಲ, ಒಂದೇ ಕಡೆ ಕಲರ್. ಎಲ್ಲ ಶಾಟೂ ಮೊದಲಿಂದ ಮಾಡಬೇಕು. ಮುದ್ದೆ, ಸೊಪ್ಪಿನ ಸಾರು ಉಂಡು ಕೂತೇಬಿಟ್ಟೆವು.

ಅಕ್ಟೋಬರ್ 6, ಭಾನುವಾರ

ರಜೆ ಇಲ್ಲ. ಅಮ್ಮಿಗೆ ಸಿಟ್ಟು. ಎಲ್ಲ ಶಾಟು ಬಂದಿವೆ. ದೇವಿ ಗುಡಿಯಿಂದ ಮೋಡಕ್ಕೆ ಹೋದರೂ ಅದೇ ಮುಖ! ಖುಷಿಗೆ ಕುರ್ಚಿ ಗಿರ್ರನೆ ತಿರುಗಿಸಿದೆ.

ಒಂದು ಶಾಟಲ್ಲಿ ಕಮಲ ಮಾತ್ರ ಕೊಳಕಾಗಿ ಕಂಡಿತು. ಫೋನ್ ಮಾಡಿ ಹೇಳಿಯೇಬಿಟ್ಟೆ — "ಮೇಡಂ, ಕಮಲ ಚೆನ್ನಾಗಿಲ್ಲ." ಸತ್ತೆ ಅಂದುಕೊಂಡೆ.

"ಅಲ್ವಾ? ನನ್ಗೂ ಹಂಗೇ ಅನ್ನಿಸಿತ್ತು ಕಣೇ!"

'ಕಣ್ರೀ' ಹೋಗಿ 'ಕಣೇ' ಬಂತು. ಇವತ್ತಿನ ಸಂಬಳ ಅದೇ.

ಅಕ್ಟೋಬರ್ 12, ಶನಿವಾರ ಬೆಳಗ್ಗೆ

ಸೋಮವಾರ ಸರ್ ಪಾಸ್ ಮಾಡಿದರು. ಬರೆಯೋಕೆ ಪುರುಸೊತ್ತಿರಲಿಲ್ಲ. ನಿನ್ನೆ ಸಂಜೆ ಅಮೃತಹಳ್ಳಿಯಲ್ಲಿ ಬಿಡುಗಡೆ. ದ್ರೌಪದಮ್ಮನದೇ ಶಾಮಿಯಾನ, ದೊಡ್ಡ ಸ್ಕ್ರೀನು. ನಾನೂ ಮೇಡಮ್ಮೂ ಹಿಂದಿನ ಸಾಲಲ್ಲಿ ಕೈ ಕೈ ಹಿಡಿದುಕೊಂಡು ಕೂತಿದ್ದೆವು. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

ಮೋಡದ ಶಾಟು ಬಂತು. ಅಷ್ಟು ದೊಡ್ಡದಾಗಿ ನಾನೂ ನೋಡಿರಲಿಲ್ಲ. ಅರಿಶಿನ, ಅರಿಶಿನದ ಹಾಗೇ ಇತ್ತು. ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ಕೈ ಮುಗಿದರು. ದ್ರೌಪದಮ್ಮ ಮೊಮ್ಮಗನ ಕೈ ಹಿಡಿದು ಅವನಿಂದಲೂ ಮುಗಿಸಿದರು.

ಆಮೇಲೆ ಮೈಕಿನಲ್ಲೇ ಕೇಳಿದರು, "ಅಮ್ಮನ ಮಕ ಯಾರು ಸರಿ ಮಾಡ್ದೋರು?" ಮೇಡಂ ನನ್ನ ತೋರಿಸಿದರು, ನಾನು ಮೇಡಂನ ತೋರಿಸಿದೆ. "ಇಬ್ರೂ ಬನ್ರವ್ವ" ಅಂದರು. ಮೇಡಂಗೆ ಕುಂಕುಮ ಇಟ್ಟರು. ನನ್ನ ಹತ್ತಿರ ಬಂದು ತಲೆ ಮೇಲಿನ ದುಪಟ್ಟಾ ನೋಡಿ ಕೈ ತಡೆಯಿತು. ಬಟ್ಟಲು ಪಕ್ಕದವರಿಗೆ ಕೊಟ್ಟು, ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದುಕೊಂಡರು.

"ನಿಮ್ಮವ್ವಂಗೆ ಯೋಳು, ನಮ್ಮವ್ವನ್ನ ಚೆಂದಾಗಿ ತೋರ್ಸ್ದೆ ಅಂತ."

ಮನೆಗೆ ಬಂದು ಹೇಳಿದೆ. ಅಮ್ಮಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಇನ್ನೊಂದು ಸಲ ಹೇಳು ಅಂದಳು. ಇನ್ನೊಂದು ಸಲ ಹೇಳಿದೆ.

ಅಕ್ಟೋಬರ್ 18, ಶುಕ್ರವಾರ

ಬಕ್ರೀದ್ ರಜೆ ಮುಗಿಯಿತು. ಟೇಬಲ್ ಮೇಲೆ ಪರ್ಮನೆಂಟ್ ಆರ್ಡರು! ಸರ್ ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿಸಿದ್ದಾರೆ. ಹೇಳಿದೆ, ತಿದ್ದಿಕೊಟ್ಟರು. ಈಗ ಹೇಳುವುದು ಅಭ್ಯಾಸವಾಗಿದೆ.

ಹೊಸ ಕೆಲಸ, ಯಲಹಂಕದ ಫರ್ನಿಚರ್ ಅಂಗಡಿ ಜಾಹೀರಾತು. ಬೆಳಗ್ಗೆಯಿಂದ ಮೇಡಂ ಫೋನೋ ಫೋನು. ಸೋಫಾ ಶಾಟು ಉದ್ದವಾಯ್ತಂತೆ. ಮಂಚದ ಶಾಟು ಯಾವ ಪುಣ್ಯಾತ್ಮಳು ಕಟ್ ಮಾಡಿದ್ದು ಅಂತ ಕೇಳಿದರು. ಪುಣ್ಯಾತ್ಮಳು ನಾನೇ ಅಂತ ಗೊತ್ತಿದ್ದೇ ಕೇಳುತ್ತಾರೆ.

ಮತ್ತೆ ರಿಂಗಾಗುತ್ತಿದೆ. ಬೈಯೋಕೇ ಇರಬೇಕು, ಬೈಯಲಿ. ನನಗೂ ಹೇಳೋದಿದೆ — ಅವರು ಕುಣಿಸಿರುವ ಆ ಟೈಟಲ್ ಅಕ್ಷರಗಳು ನನಗೆ ಒಂಚೂರೂ...