ಮುಸುಕಿನ ಜೋಳ

ಕರ್ಜಗಿ,
ಫೆಬ್ರವರಿ 4, 2024, ಭಾನುವಾರ

ಪ್ರೀತಿಯ ಮಗಳು ದೀಪಿಕಾಳಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನೀನು, ಅಳಿಯ ಮೈಲೇಶನವರು, ಕೂಸು ಎಲ್ಲರೂ ಹೇಗಿದ್ದೀರಿ? ಕೂಸಿನ ಕೆಮ್ಮು ಕಡಿಮೆಯಾಯಿತೇ? ಬ್ಯಾಡಗಿಯಲ್ಲಿ ಈಗ ಮೆಣಸಿನಕಾಯಿ ಸುಗ್ಗಿ, ಗಾಳಿಯಲ್ಲೇ ಘಾಟು ಇರುತ್ತದೆ. ಮಾರ್ಕೆಟ್ಟಿನ ಕಡೆಯ ಕಿಟಕಿ ತೆರೆಯಬೇಡ ಎಂದು ಬರೆಯಲು ನಿನ್ನ ಅವ್ವ ಮೂರು ಸಲ ಹೇಳಿದ್ದಾಳೆ. ನಾನು ಒಂದೇ ಸಲ ಬರೆದಿದ್ದೇನೆ, ನೀನು ಮೂರು ಸಲ ಓದಿಕೋ. ಅವಳ ಮೊಣಕಾಲು ನೋವು ಹಾಗೇ ಇದೆ. ನನ್ನ ಬಗ್ಗೆ ಬರೆಯುವಂಥದ್ದೇನಿಲ್ಲ, ದಣಿದಿದ್ದೇನೆ ಅಷ್ಟೇ. ಕೆಲಸ ಮಾಡಿ ದಣಿದರೆ ನಿದ್ದೆಯಾದರೂ ಬರುತ್ತದೆ. ಇದು ಕೆಲಸವಿಲ್ಲದವನ ದಣಿವು.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಪೆನ್ನು ಹಿಡಿದು ಎಷ್ಟೋ ವರ್ಷವಾಯಿತು, ಅಕ್ಷರ ನೋಡಿ ನಗಬೇಡ. ನಮ್ಮ ಓಣಿಯ ಬಿಬಿಜಾನ್ ಈ ಸಲವೂ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಬ್ಯಾಡಗಿಗೆ ಹೋಗಿ ಬರುತ್ತಿದ್ದಾಳೆ. ನಾಳೆ ಮುಂಜಾನೆಯ ಬಸ್ಸಿಗೆ ಹೊರಡುವಾಗ ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಹೊಲದ ಸುದ್ದಿ ನಿನಗೆ ಅಷ್ಟಿಷ್ಟು ಗೊತ್ತಿದೆ. ಪಂಚಮಿಗೆ ನೀನು ಬಂದಾಗ ಗೋವಿನಜೋಳ ಎದೆಮಟ್ಟ ಬಂದಿತ್ತು, ನೋಡಿ ನೀನೇ ಹಿಗ್ಗಿದ್ದೆ. ಸರಿಯಾಗಿ ತುದಿಯಲ್ಲಿ ಸೂಲಂಗಿ ಹೂ ಹೊರಡುವ ಹೊತ್ತಿಗೆ ಮಘಾ ಮಳೆ ಕೈಕೊಟ್ಟಿತು. ಹುಬ್ಬಿ ಮಳೆ ಬರೀ ಮೋಡ ತೋರಿಸಿ ಹೋಯಿತು. ಇಪ್ಪತ್ತೈದು ದಿನ ಒಂದು ಹನಿ ಇಲ್ಲ. ತೆನೆ ಸುಲಿದು ನೋಡಿದರೆ ನಿಮ್ಮ ಅಜ್ಜನ ಕಡೆಗಾಲದ ಬಾಯಿಯ ಹಾಗೆ, ಅಲ್ಲೊಂದು ಇಲ್ಲೊಂದು ಕಾಳು. ಎಂಬತ್ತು ಚೀಲ ಕೊಟ್ಟ ನಾಲ್ಕು ಎಕರೆಯಲ್ಲಿ ಹನ್ನೊಂದು ಚೀಲ ಆಯಿತು. ಅದನ್ನೂ ಕೋಳಿ ಆಹಾರದ ಮಿಲ್ಲಿನವರು ಕಾಳು ಜೊಳ್ಳು ಎಂದು ಮೂಗು ಮುರಿದು ಒಯ್ದರು. ಕೋಳಿಗಳಿಗೂ ಈಗ ಒಳ್ಳೆಯ ಕಾಳೇ ಬೇಕು.

ವಿಮೆಯೊಂದು ಬಂದರೆ ಮುಂಗಾರಿಗೆ ಬೀಜ ಗೊಬ್ಬರಕ್ಕೆ ಆಗುತ್ತದೆ ಎಂದು ಕಾಯುತ್ತಿದ್ದೆವು. ಅಕ್ಕಪಕ್ಕದ ಹೊಲದವರಿಗೆಲ್ಲ ಬಂತು, ನಮಗೆ ಬರಲಿಲ್ಲ. ಹಾವೇರಿಗೆ ಆರು ಸಲ ಅಲೆದೆ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸುತ್ತಾರೆ, ಅಲ್ಲಿಯವರು ಊಟಕ್ಕೆ ಹೋಗಿರುತ್ತಾರೆ. ಕಡೆಗೆ ಒಬ್ಬ ಹೆಣ್ಣುಮಗಳು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದಳು. ವಿಮೆ ತುಂಬುವಾಗ ಬ್ಯಾಂಕಿನವರು ಬರೆದದ್ದು ಮುಸುಕಿನ ಜೋಳ. ಪಂಚಮಿ ದಿನ ನಿನ್ನ ಫೋನಿನಲ್ಲಿ ಮಾಡಿದ ಸರಕಾರದ ಬೆಳೆ ಸಮೀಕ್ಷೆಯಲ್ಲಿ ಇರುವುದು ಬರೀ ಜೋಳ. ಎರಡೂ ತಾಳೆ ಆಗುವುದಿಲ್ಲ. "ಯಜಮಾನ್ರ, ನೀವು ಗೋವಿನಜೋಳ ಅಂತೀರಲ್ಲ, ಅದಕ್ಕ ಸರಕಾರದಾಗ ಮುಸುಕಿನ ಜೋಳ ಅಂತಾರ್ರಿ" ಎಂದಳು. ಮೂವತ್ತು ವರ್ಷದಿಂದ ನನ್ನ ಹೊಲದಲ್ಲಿ ಮುಸುಕು ಹಾಕಿಕೊಂಡು ನಿಂತಿತ್ತಂತೆ, ನನಗೆ ಗುರುತೇ ಸಿಕ್ಕಿರಲಿಲ್ಲ. ನೀನು ತೆಗೆದ ಫೋಟೋ ಅಲ್ಲೇ ಇದೆ ನೋಡವ್ವ ಎಂದೆ. ನೋಡಿದಳು, ಗೋವಿನಜೋಳವೇ ಎಂದು ಒಪ್ಪಿದಳು. ಆದರೆ ತಕರಾರು ಹೇಳುವ ದಿನ ಮುಗಿದಿದೆ, ಹೆಸರು ಬದಲಿಸಲು ಬರುವುದಿಲ್ಲ ಎಂದಳು. ಪಾಪ, ಅವಳೂ ದಣಿದಿದ್ದಳು. ನನ್ನ ಹಿಂದೆ ಇನ್ನೂ ಇಪ್ಪತ್ತು ಮಂದಿ ನಿಂತಿದ್ದರು.

ಒಂದು ತಮಾಷೆ ಕೇಳು. ಸರಕಾರದ ಲೆಕ್ಕದಲ್ಲಿ ಈ ವರ್ಷ ನಿನ್ನ ಅಪ್ಪ ಫಕ್ಕೀರಪ್ಪನ ಹೊಲದಲ್ಲಿ ನಾಲ್ಕು ಎಕರೆ ಜೋಳ ಬೆಳೆದಿದೆ. ಫಕ್ಕೀರಪ್ಪನ ಮನೆಯಲ್ಲಿ ಮಾತ್ರ ರೊಟ್ಟಿಗೆ ಜೋಳವಿಲ್ಲ. ಗೋವಿನಜೋಳಕ್ಕೆ ಗಿರಾಕಿ ಇದೆ ಎಂದು ಎಲ್ಲರೂ ಅದನ್ನೇ ಬಿತ್ತಿದೆವು, ಜೋಳ ಬಿತ್ತುವವರೇ ಇಲ್ಲವಾದರು. ಅಂಗಡಿಯಲ್ಲಿ ಜೋಳದ ದರ ಕೇಳಿ ನಿನ್ನ ಅವ್ವ ಬರಿಗೈಲಿ ವಾಪಸು ಬಂದಳು. ಈಗ ರೇಷನ್ ಅಕ್ಕಿಯ ಹಿಟ್ಟು ಬೆರೆಸಿ ರೊಟ್ಟಿ ಬಡಿಯುತ್ತಾಳೆ. ಅಂಚು ಒಡೆಯುತ್ತದೆ, ಅವಳಿಗೆ ಸಿಟ್ಟು ಬರುತ್ತದೆ, ನಾನು ಚೆನ್ನಾಗಿದೆ ಎನ್ನುತ್ತೇನೆ.

ಇನ್ನು ನಿನ್ನ ಅಣ್ಣ ಸಿದ್ದೇಶನ ಮಾತು. ನಾನು ಹಾವೇರಿಯಿಂದ ಬಂದು ವಿಷಯ ಹೇಳಿದ ದಿನವೇ ಅವನು ನಿನಗೆ ಫೋನ್ ಹಚ್ಚಿ, "ಕಲಿತಾಕಿ ಅಂತ ನಿನ್ನ ಕೈಯಾಗ ಕೊಟ್ರ, ಒಂದು ವರ್ಷದ ದುಡಿತಾನ ನೀರಾಗ ಹಾಕಿದಿ" ಎಂದ. ನೀನು ಫೋನ್ ಇಟ್ಟುಬಿಟ್ಟೆ. ಸಂಕ್ರಾಂತಿಗೆ ಬರಲಿಲ್ಲ. ಎಳ್ಳು ಬೆಲ್ಲ ಡಬ್ಬಿಯಲ್ಲಿ ಹಾಗೇ ಇದೆ. ಈಗ ಮುಂದಿನ ಸೋಮವಾರ ಗಳಗನಾಥದಲ್ಲಿ ಕೂಸಿನ ಜವಳ ಇಟ್ಟುಕೊಂಡಿದ್ದೀರಿ ಎಂದು ಬಿಬಿಜಾನ್ ಕೈಯಲ್ಲಿ ಹೇಳಿ ಕಳಿಸಿದ್ದೀ. "ಅಪ್ಪ ಅವ್ವ ಇಬ್ರ ಬರ್ರಿ, ಅಣ್ಣ ಬರೂದು ಬ್ಯಾಡ" ಎಂದೆಯಂತೆ. ಸೋದರಮಾವನ ತೊಡೆಯ ಮೇಲೆ ಕೂರಿಸದೆ ಕೂಸಿನ ಮೊದಲ ಕೂದಲು ತೆಗೆಯುವುದು ನಮ್ಮಲ್ಲಿ ಯಾರ ಮನೆಯಲ್ಲೂ ಆಗಿಲ್ಲ, ದೀಪಿ. ಅಲ್ಲಿನ ಹೊಳೆಯಲ್ಲಿ ನೀರೂ ಇಲ್ಲವಂತೆ, ಮಾವನೂ ಇಲ್ಲದಿದ್ದರೆ ಅದೆಂಥ ಜವಳ? ಬಿಬಿಜಾನ್ ಹೇಳಿದ್ದನ್ನು ಕೇಳಿ ಸಿದ್ದೇಶ ಎದ್ದು ಕೊಟ್ಟಿಗೆಗೆ ಹೋದ. ಕೂಸಿಗೆಂದು ರಾಣೆಬೆನ್ನೂರಿನಿಂದ ತಂದ ಹೊಸ ಅಂಗಿ ಟ್ರಂಕಿನಲ್ಲಿಟ್ಟಿದ್ದಾನೆ. ಒರಟು ಬಾಯಿಯವನು, ನನ್ನ ಮಗ ತಾನೇ.

ಮೈಲೇಶನವರಿಗೆ, ನಿಮ್ಮ ಅತ್ತೆ ಮಾವನವರಿಗೆ ನಮ್ಮ ನಮಸ್ಕಾರ ತಿಳಿಸು. ಕೂಸಿಗೆ ಅಜ್ಜನ ಮುತ್ತು. ನೀನು ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಪ್ಪ,
ಫಕ್ಕೀರಪ್ಪ

ತಾ. ಕ.: ಸೋಮವಾರ ಮುಂಜಾನೆ. ಬಿಬಿಜಾನ್ ಬಂದು ಬಾಗಿಲಲ್ಲಿ ನಿಂತಿದ್ದಳು, ನಾನು ಕಾಗದ ಕೊಡಲಿಲ್ಲ, ಅವಳನ್ನು ಹಾಗೇ ಕಳಿಸಿದೆ. ಅಸಲು ಮಾತು ಇದರಲ್ಲಿ ಬರೆದೇ ಇರಲಿಲ್ಲ. ಪಂಚಮಿ ದಿನ ಬದುವಿನ ಮೇಲೆ ಫೋನ್ ಹಿಡಿದು ನಿಂತು ನೀನು, "ಅಪ್ಪಾ, ಇದರಾಗ ಗೋವಿನಜೋಳ ಅಂತ ಇಲ್ಲ. ಜೋಳ ಐತಿ, ಮುಸುಕಿನ ಜೋಳ ಅಂತ ಇನ್ನೊಂದ ಐತಿ. ಯಾರನ್ನರ ಕೇಳೂಣೇನು?" ಎಂದೆ. ಒಂದಲ್ಲ, ಎರಡು ಸಲ ಕೇಳಿದೆ. "ನನ್ನ ಹೊಲದಾಗ ಏನೈತಿ ಅಂತ ಮಂದೀನ ಕೇಳಬೇಕೇನು? ಜೋಳ ಅಂತ ಒತ್ತು, ಲಗೂ ನಡಿ, ಮನ್ಯಾಗ ಪಂಚಮಿ ಉಂಡಿ ಕಾಯಾಕತ್ತಾವು" ಎಂದವನು ನಾನು. ಸಿದ್ದೇಶ ನಿನಗೆ ಬೈಯುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಬಾಯಿ ಬಿಡಲಿಲ್ಲ. ನೀನೂ ಅಪ್ಪ ಹೇಳಿದ್ದು ಎಂದು ಅನ್ನಲಿಲ್ಲ. ಅದು ನನ್ನನ್ನು ಮಳೆಗಿಂತ ಹೆಚ್ಚು ತಿಂದಿದೆ. ಇವತ್ತೂ ಅವನ ಎದುರು ಹೇಳಲು ಹೋದೆ, ಆಗಲಿಲ್ಲ. ಅದಕ್ಕೆ ಹತ್ತು ಗಂಟೆಯ ಬಸ್ಸಿಗೆ ಅವನೇ ಈ ಕಾಗದ ತರುತ್ತಾನೆ. ಪಾಕೀಟಿಗೆ ಅಂಟು ಹಚ್ಚಿಲ್ಲ, ದಾರಿಯಲ್ಲಿ ಓದಿಕೊಂಡೇ ಹೋಗು ಎಂದು ಹೇಳಿದ್ದೇನೆ. ಬಾಗಿಲು ತೆಗೆ.